ಬಿಟ್ಟಿ ಕೊಟ್ಟವರು ಯಾರ ಪೈಕಿ?

ನನ್ನ ಭಾವ ಪಾಂಡೆಲಿಸ್‌ನ ಎದುರಿಗೆ ಬಿಟ್ಟಿ ಅನ್ನುವ ಮಾತು ಆಡಬಾರದು. ಆಡಿದರೆ ಅವನು ಮೊದಲು ಬಾಗಿಲ ಕಡೆ ನೋಡುತ್ತಾನೆ, ಆಮೇಲೆ ಮೇಜಿನ ಕೆಳಗೆ ನೋಡುತ್ತಾನೆ, ಕೊನೆಗೆ ಆಡಿದವನ ಮುಖ ನೋಡುತ್ತಾನೆ. ಇದಕ್ಕೆ ಕಾರಣ ಉಂಟು. ಏಳು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಬಿಟ್ಟಿ ಬಸ್ಸು, ಬಿಟ್ಟಿ ಊಟ, ಸುಮ್ಮನೆ ಕೂತು ಒಂದು ಭಾಷಣ ಕೇಳಿದರೆ ಸಾಕು ಅಂತ ಅವನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದರು. ಬೆಳಿಗ್ಗೆ ಬರಿಗೈಯಲ್ಲಿ ಹೋದವನು ಸಂಜೆ ಮೂರು ಅಯಸ್ಕಾಂತದ ಹಾಸಿಗೆಗಳ ಸಮೇತ ಇಳಿದ. ಮನೆಯಲ್ಲಿ ಇರುವವರು ಅವನು ಮತ್ತು ನನ್ನ ತಂಗಿ ಮಿರ್ಸಿನಿ, ಇಬ್ಬರೇ. ಅವತ್ತಿನಿಂದ ನಮ್ಮೂರು ಮೇಲಿನ ಮಿರ್ತ್ಯಾದಲ್ಲಿ ಅವನು ಹಾಸಿಗೆ ಪಾಂಡೆಲಿಸ್ ಆದ.

ಅಡ್ಡಹೆಸರು ನಮ್ಮಲ್ಲಿ ಬರೀ ಗೇಲಿಯ ವಸ್ತುವಲ್ಲ, ಅದೊಂದು ಆಡಳಿತ ವ್ಯವಸ್ಥೆ. ಮೊಮ್ಮಗನಿಗೆ ಅಜ್ಜನ ಹೆಸರಿಡಬೇಕು. ಅಜ್ಜ ಪಾಂಡೆಲಿಸ್ ಕುರ್ತೆಸಿಸ್‌ಗೆ ಗಂಡುಮಕ್ಕಳು ಐದು ಜನ, ಐವರೂ ಪಿತೃಭಕ್ತರು. ಹಾಗಾಗಿ ಈಗ ಊರಿನಲ್ಲಿ ಐದು ಜನ ಪಾಂಡೆಲಿಸ್ ಕುರ್ತೆಸಿಸ್ ಇದ್ದಾರೆ: ಹಾಸಿಗೆ, ಕಿವುಡ, ಡ್ರೈವರು, ಸಣ್ಣವ, ಮತ್ತು ಸಣ್ಣವನಿಗಿಂತ ಸಣ್ಣವ. ಹೋದ ವರ್ಷ ಸಹಕಾರ ಸಂಘದ ಆಲಿವ್ ಗಾಣದಲ್ಲಿ ಚೀಟಿಗಳು ಅದಲುಬದಲಾಗಿ, ಹಾಸಿಗೆಯ ಎಣ್ಣೆ ಕಿವುಡನ ಡಬ್ಬಿಗೆ ಹೋಯಿತು. ಕಿವುಡನಿಗೆ ವಿಷಯ ಎಷ್ಟು ಕೂಗಿ ಹೇಳಿದರೂ ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗೆ ಮಾಡಿದ. ಎರಡು ಮನೆಗಳ ನಡುವೆ ಮಾತು ನಿಂತು ವರ್ಷವಾಗುತ್ತಾ ಬಂತು.

ಅದಕ್ಕೇ ಸಂಘದವರು ಈ ಸಲ ಗಾಣದ ಸರದಿಯನ್ನು ಕಂಪ್ಯೂಟರಿಗೆ ವಹಿಸಬೇಕು ಅಂತ ತೀರ್ಮಾನ ಮಾಡಿದರು. ಸಂಘದ ಕಾರ್ಯದರ್ಶಿ ಯಾರು? ನಮ್ಮ ಹಾಸಿಗೆ ಪಾಂಡೆಲಿಸ್. ತಂತ್ರಾಂಶ ಬರೆಯುವವರು ಯಾರು? ಅವನ ಸತ್ತುಹೋದ ಅಣ್ಣನ ಮಗಳು ಅರೆತಿ. ಅವಳು ಹಡಗಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ, ಮೂವತ್ತಾರರ, ಸಿಟ್ಟಿನ ಹುಡುಗಿ. ಊರಿಗೆ ಸುಮ್ಮನೆ ಮಾಡಿಕೊಡುತ್ತೇನೆ ಅಂದಿದ್ದಳು. ಅವಳ ಮಾತಿಗೂ ಪಾಂಡೆಲಿಸ್ ಬಾಗಿಲ ಕಡೆ ನೋಡಿದ್ದ, ಆದರೆ ರಕ್ತಸಂಬಂಧ ಅಂತ ಸುಮ್ಮನಾದ.

ಮಾತುಕತೆ ನಡೆದದ್ದು ನನ್ನ ಕಾಫಿ ಅಂಗಡಿಯಲ್ಲೇ. ಇಪ್ಪತ್ತಾರು ವರ್ಷದಿಂದ ಪಾಂಡೆಲಿಸ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ದಿನಕ್ಕೆ ನಾಲ್ಕು ಕಾಫಿ ಕುಡಿಯುತ್ತಾನೆ. ಅವನ ಎದುರಿಗೆ ಪ್ರೊಕೊಪಿಸ್. ಮೂವತ್ತು ವರ್ಷ ಹಡಗಿನಲ್ಲಿ ದುಡಿದು, ಪ್ರಪಂಚದ ಎಲ್ಲ ಬಂದರುಗಳಲ್ಲೂ ಮೋಸಹೋಗಿ, ಈಗ ಊರಿನವರಿಗೆ ಬುದ್ಧಿ ಹೇಳಿಕೊಂಡು ಇರುವ ಮುದುಕ.

"ಚಿಕ್ಕಪ್ಪಾ, ಎಲ್ಲಾನೂ ಮುಕ್ತ ಸಲಕರಣೆಯಲ್ಲೇ ಮಾಡ್ತೀನಿ," ಅಂದಳು ಅರೆತಿ. "ಒಂದು ಮೊಳೆ ಕೂಡ ಬೇರೆಯವರ ಬೀಗದೊಳಗಿಂದ ಬಂದಿದ್ದು ಇರಬಾರದು. ಇದು ನನ್ನ ಷರತ್ತು."

"ಮುಕ್ತ ಅಂದ್ರೆ?"

"ಯಾರು ಬೇಕಾದ್ರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ರಿಗೆ ಕೊಡಬಹುದು."

"ಎಷ್ಟಾಗುತ್ತೆ?"

"ಏನೂ ಇಲ್ಲ."

ಪಾಂಡೆಲಿಸ್ ಬಾಗಿಲ ಕಡೆ ನೋಡಿದ. ಆಮೇಲೆ ಮೇಜಿನ ಕೆಳಗೆ ಬಗ್ಗಿದ. ಎದ್ದಾಗ ಅವನ ಮುಖ ಕೆಂಪಾಗಿತ್ತು.

"ಬಿಟ್ಟಿ ಅನ್ನು."

"ಬಿಟ್ಟಿ ಅಲ್ಲ ಚಿಕ್ಕಪ್ಪಾ, ಮುಕ್ತ. ದುಡ್ಡಿನ ಮಾತಲ್ಲ ಇದು, ಹಕ್ಕಿನ ಮಾತು."

"ದುಡ್ಡು ಕೊಡಬೇಕಾ, ಬೇಡ್ವಾ?"

"ಬೇಡ."

"ಹಾಗಾದ್ರೆ ಬಿಟ್ಟಿ. ಬಸ್ಸಿನವರೂ ಹಿಂಗೇ ನಯವಾಗಿ ಹೇಳಿದ್ರು."

ಪ್ರೊಕೊಪಿಸ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. "ನೋಡಮ್ಮ ಅರೆತಿ, ಪಟ್ಟಣದಿಂದ ಒಬ್ಬ ಬಂದಿದ್ನಲ್ಲ ಹೋದ ವಾರ, ಗಾಣದ ತಂತ್ರಾಂಶ ಮಾರೋನು. ವರ್ಷ ವರ್ಷ ಬಾಡಿಗೆ ಕಟ್ಟಿ ಅಂತಾನೆ. ಅವನು ಕಳ್ಳ ಅಂತ ಮುಖದಲ್ಲೇ ಗೊತ್ತಾಗುತ್ತೆ. ದುಡ್ಡು ತಗೊಳ್ಳೋನು ಎಷ್ಟು ಕಳ್ಳ ಅಂತ ಲೆಕ್ಕ ಸಿಗುತ್ತೆ. ತಗೊಳ್ಳದೆ ಇರೋನ ಲೆಕ್ಕ ಹೆಂಗೆ ಹಾಕೋದು?"

"ಅವನ ಸಾಮಾನು ತಗೊಂಡ್ರೆ ಒಳಗೇನಿದೆ ಅಂತ ನೋಡೋ ಹಾಗಿಲ್ಲ," ಅಂದಳು ಅರೆತಿ. "ಅವನ ಕಂಪನಿ ಮುಚ್ಚಿತು ಅಂದ್ಕೊಳ್ಳಿ, ಇಲ್ಲ ಅವನಿಗೆ ಮುನಿಸು ಬಂತು ಅಂದ್ಕೊಳ್ಳಿ. ಸುಗ್ಗಿ ಮಧ್ಯದಲ್ಲಿ ಬೀಗ ಹಾಕ್ಕೊಂಡು ಹೋಗ್ತಾನೆ. ಚೀಲಗಳನ್ನ ಇಟ್ಕೊಂಡು ಬಾಯಿ ಬಾಯಿ ಬಿಡ್ತೀರ."

"ನಿನ್ನ ಬಿಟ್ಟಿಯವರು ಬೀಗ ಹಾಕಲ್ವಾ?"

"ಬೀಗಾನೇ ಇಲ್ಲ ಅಲ್ಲಿ."

"ಬೀಗ ಇಲ್ಲದ ಮನೇಲಿ ಏನಿರುತ್ತೆ?" ಅಂತ ಪ್ರೊಕೊಪಿಸ್ ಎಲ್ಲರನ್ನೂ ಕೇಳಿದ. ಏನಿರುತ್ತೆ ಅಂತ ಯಾರಿಗೂ ಹೇಳಲು ಬರಲಿಲ್ಲ, ಆದರೆ ಎಲ್ಲರಿಗೂ ಹೆದರಿಕೆಯಾಯಿತು.

ಅರೆತಿ ಮಾಡಿದ ದೊಡ್ಡ ತಪ್ಪು ಏನೆಂದರೆ, ಅನುಮಾನ ಹೋಗಲಿ ಅಂತ ಆ ಸಲಕರಣೆಗಳ ಜೊತೆ ಬಂದಿದ್ದ ಕರಾರನ್ನು ಗಟ್ಟಿಯಾಗಿ ಓದಿದ್ದು. ಬಳಸಬಹುದು, ತಿದ್ದಬಹುದು ಅನ್ನುವಷ್ಟರ ತನಕ ಜನ ತಲೆ ಆಡಿಸಿದರು. ಕೊನೆಯ ಸಾಲಿಗೆ ಬಂದಳು: ಇದು ಇದ್ದದ್ದು ಇದ್ದ ಹಾಗೆ ಕೊಟ್ಟಿದೆ, ಯಾವ ಖಾತ್ರಿಯೂ ಇಲ್ಲ, ಏನೇ ಆದರೂ ಕೊಟ್ಟವರು ಹೊಣೆಯಲ್ಲ.



"ಕೊಟ್ಟವನೇ ಹೇಳ್ತಿದಾನೆ ಕೇಳಿ!" ಪ್ರೊಕೊಪಿಸ್ ಎದ್ದು ನಿಂತ. "ಹಾಸಿಗೆ ಮಾರಿದವನು ಕೂಡ ಹತ್ತು ವರ್ಷ ಖಾತ್ರಿ ಕೊಟ್ಟಿದ್ದ!"

ಪಾಂಡೆಲಿಸ್ ಕಾಫಿ ಪೂರ್ತಿ ಕುಡಿಯದೆ ಎದ್ದುಹೋದ.

ಅವನ ಕಷ್ಟ ನನಗೆ ಗೊತ್ತಿತ್ತು. ಜಿಲ್ಲಾ ಕೃಷಿ ಕಚೇರಿಯಿಂದ ಒಂದು ಕಾಗದ ಬಂದಿತ್ತು. ಗಾಣದಲ್ಲಿ ಏನೇ ಹೊಸ ಸಲಕರಣೆ ಬಂದರೂ ಕಾರ್ಯದರ್ಶಿ ತನ್ನ ಹೊಣೆ ಅಂತ ಅದಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಅರೆತಿಯ ಕೆಲಸ ನೀರುಪಾಲು, ಪಟ್ಟಣದವನ ಬಾಡಿಗೆ ಸಾಮಾನು ಬರುತ್ತದೆ, ಅರೆತಿ ಇನ್ನು ಅವನ ಮನೆ ಹೊಸ್ತಿಲು ತುಳಿಯುವುದಿಲ್ಲ. ಹಾಕಿ, ಅದರಲ್ಲಿ ಏನಾದರೂ ಹುಳುಕು ಹೊರಬಿದ್ದರೆ? ಒಂದು ಸಲ ಮೋಸಹೋದವನಿಗೆ ಊರು ಅಡ್ಡಹೆಸರು ಕೊಡುತ್ತದೆ. ಎರಡನೇ ಸಲ ಹೋದವನಿಗೆ ಕುರ್ಚಿ ಕೊಡುವುದಿಲ್ಲ. ಮಿರ್ಸಿನಿಯಂತೂ ಆಗಲೇ ಹೇಳಿಬಿಟ್ಟಿದ್ದಳು: "ಈ ಸಲ ಏನಾದ್ರೂ ಮನೆಗೆ ತಂದ್ರೆ, ಆ ಮೂರನೇ ಹಾಸಿಗೆ ಹೊರಗಡೆ ಹಾಕಿಕೊಡ್ತೀನಿ, ಅಲ್ಲೇ ಮಲ್ಕೋ."

ಮಾರನೇ ದಿನ ಪಾಂಡೆಲಿಸ್ ಕಾಗದ ಹಿಡಿದುಕೊಂಡು ಕಚೇರಿಗೆ ಹೋದ. ಸಾಕ್ಷಿಗೆ ಅಂತ ನನ್ನನ್ನೂ ಎಳೆದುಕೊಂಡು ಹೋದ. ಅಧಿಕಾರಿ ಲಾಸ್ಕಾರಿಸ್ ಸಾಹೇಬರು ಕನ್ನಡಕ ಹಣೆಗೇರಿಸಿ ಕಾಗದ ನೋಡಿದರು.

"ಇಲ್ಲಿ 'ಕೊಟ್ಟವರ ಹೆಸರು, ಸಹಿ' ಅಂತ ಒಂದು ಮನೆ ಇದೆಯಲ್ಲ, ಖಾಲಿ ಬಿಟ್ಟಿದೀರಿ."

"ಸ್ವಾಮೀ, ಅದನ್ನ ಯಾರೂ ಮಾರಿಲ್ಲ. ಸುಮ್ಮನೆ ಇಟ್ಟಿದಾರಂತೆ. ತುಂಬಾ ಜನ."

"ಎಷ್ಟು ಜನ?"

"ಅರೆತಿ ಹೇಳೋ ಪ್ರಕಾರ ನಾಲ್ಕು ಸಾವಿರ ಚಿಲ್ಲರೆ."

ಸಾಹೇಬರು ಬಾಗಿಲು ಮುಚ್ಚಿ ಬಂದರು. ದನಿ ತಗ್ಗಿಸಿ ಕೇಳಿದರು: "ನಾಲ್ಕು ಸಾವಿರ ಜನ ಸೇರಿ ಮೇಲಿನ ಮಿರ್ತ್ಯಾಕ್ಕೆ ಯಾಕ್ರೀ ಕೊಡ್ತಾರೆ? ನಿಮ್ಮೂರಲ್ಲಿ ಅಂಥದ್ದೇನಿದೆ?"

ನಾವಿಬ್ಬರೂ ಯೋಚಿಸಿದೆವು. ನಮ್ಮೂರಲ್ಲಿ ಅಂಥದ್ದೇನೂ ಇಲ್ಲ. ಅದೇ ಹೆಚ್ಚು ಅನುಮಾನಕ್ಕೆ ಕಾರಣವಾಯಿತು.

"ಖಾಲಿ ಬಿಡೋ ಹಾಗಿಲ್ಲ," ಅಂದರು ಸಾಹೇಬರು. "ಎಲ್ಲರದೂ ಬೇಡ, ಮನೆ ಚಿಕ್ಕದಿದೆ. ಒಬ್ಬರಾದ್ರೂ ಹೆಸರು ಹೇಳಿ ಸಹಿ ಹಾಕಲಿ. ಮುಖ ತೋರಿಸದವರ ಸಾಮಾನಿಗೆ ನಾನು ಮುದ್ರೆ ಒತ್ತಲ್ಲ."

ದಾರಿಯಲ್ಲಿ ಪಾಂಡೆಲಿಸ್‌ಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ಅಪರಿಚಿತರು ಯಾರೇ ಬರಲಿ, ಹೆಸರು ಕೇಳುವುದಿಲ್ಲ, ಕೆಲಸ ಕೇಳುವುದಿಲ್ಲ. "ನೀನು ಯಾರ ಪೈಕಿ?" ಅಂತ ಕೇಳುತ್ತೇವೆ. ಉತ್ತರ ಬಂದರೆ ಅಪ್ಪ ಯಾರು, ಅಜ್ಜ ಯಾರಿಗೆ ಎಷ್ಟು ಮೋಸ ಮಾಡಿದ್ದ, ಎಲ್ಲ ತಿಳಿಯುತ್ತದೆ. ಆಮೇಲೆ ಕೂರಿಸಿ ಕಾಫಿ ಕೊಡುತ್ತೇವೆ. ಲೋಕದ ಯಾವ ಮನುಷ್ಯನನ್ನಾದರೂ ಅಳೆಯಲು ಇಷ್ಟು ಸಾಕು ಅಂತ ಪಾಂಡೆಲಿಸ್‌ನ ಗಟ್ಟಿ ನಂಬಿಕೆ.

ಊರಿಗೆ ಬಂದವನೇ ಹೇಳಿದ: "ಅರೆತಿ, ಅವ್ರಿಗೆಲ್ಲ ಕಾಗದ ಹಾಕು. ಯಾರ ಪೈಕಿ ಅಂತ ಕೇಳು."

"ನಾಲ್ಕು ಸಾವಿರ ಜನಕ್ಕಾ?"

"ಮುಖ್ಯವಾದವರಿಗೆ ಹಾಕು."

"ಚಿಕ್ಕಪ್ಪಾ, ಅವರಿಗೆ ಕಾಗದ ಹಾಕೋ ಜಾಗ ಇರೋದು ದೋಷ ತಿಳಿಸೋಕೆ. ಅಲ್ಲಿ ಇಂಥದ್ದೆಲ್ಲ ಕೇಳಿದ್ರೆ ನನ್ನ ಮಾನ ಹೋಗುತ್ತೆ."

"ಯಾರ ಪೈಕಿ ಅಂತ ಗೊತ್ತಿಲ್ಲದೆ ಇರೋದೇ ದೋಷ. ತಿಳಿಸು."

ಅವಳು ಒಪ್ಪಲಿಲ್ಲ. ಹಾಗಾದರೆ ಸಹಿಯೂ ಇಲ್ಲ ಅಂತ ಇವನು ಕೂತ. ಕೊನೆಗೆ ಹಲ್ಲು ಕಚ್ಚಿಕೊಂಡು ಹನ್ನೆರಡು ಕಡೆ ಬರೆದಳು, ಒಂದೇ ಒಕ್ಕಣೆ: 'ಮಾನ್ಯರೇ, ನೀವು ಕೊಟ್ಟ ಸಲಕರಣೆ ತಲುಪಿತು. ನೀವು ಯಾರ ಪೈಕಿ? ಇಂತಿ, ಪಾಂಡೆಲಿಸ್ ಕುರ್ತೆಸಿಸ್, ಕಾರ್ಯದರ್ಶಿ.' ಪರದೇಶದವರಿಗೆ ಅವರವರ ಭಾಷೆಯಲ್ಲಿ, ಹೆಸರು ನೋಡಿ ನಮ್ಮವರು ಅನ್ನಿಸಿದವರಿಗೆ ನಮ್ಮ ಭಾಷೆಯಲ್ಲಿ.

ಉತ್ತರಗಳು ಬರತೊಡಗಿದವು. ಒಂದೊಂದನ್ನೂ ಪಾಂಡೆಲಿಸ್ ನನ್ನ ಅಂಗಡಿಯಲ್ಲಿ ಓದಿಸಿದ, ಊರೆಲ್ಲ ಕೂತು ವಿಚಾರಣೆ ಮಾಡಿತು.

ಫಿನ್ಲೆಂಡಿನಿಂದ ಒಬ್ಬ ಬರೆದಿದ್ದ: 'ನಾನು ಟ್ರ್ಯಾಕ್ಟರ್ ರಿಪೇರಿಯ ವೈನೊ ಅವರ ಮಗ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಪ್ಪನಿಗೆ ತೋರಿಸಿದೆ, ಬಹಳ ಸಂತೋಷಪಟ್ಟರು.' ಟ್ರ್ಯಾಕ್ಟರ್ ರಿಪೇರಿಯವನು ಅಂದಮೇಲೆ ನಂಬಬಹುದು ಅಂತ ಡ್ರೈವರು ಪಾಂಡೆಲಿಸ್ ತೀರ್ಪು ಕೊಟ್ಟ. ಬ್ರೆಜಿಲ್‌ನ ಹೆಂಗಸೊಬ್ಬಳು ಅಜ್ಜಿಯ ಫೋಟೋ ಕಳಿಸಿದ್ದಳು. ಅಜ್ಜಿಯ ಮುಖ ನೋಡಿದ ಮಿರ್ಸಿನಿ, "ಮರ್ಯಾದಸ್ಥ ಮನೆತನ, ಬಟ್ಟೆ ಎಷ್ಟು ನೀಟಾಗಿ ಇಸ್ತ್ರಿ ಮಾಡಿದಾರೆ ನೋಡಿ," ಅಂದಳು.

ಜರ್ಮನಿಯವನು ಒಂದೇ ಸಾಲು ಬರೆದಿದ್ದ: 'ಇದು ದೋಷವಲ್ಲ.'

ಪಾಂಡೆಲಿಸ್‌ನ ಕಣ್ಣು ಒದ್ದೆಯಾಯಿತು. "ಪಾಪ. ಅಪ್ಪ ಯಾರು ಅಂತ ಗೊತ್ತಿಲ್ಲ ಅನ್ಸುತ್ತೆ. ಅದು ದೋಷ ಅಲ್ಲ ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡಿದಾನೆ. ಬರಿ ಅರೆತಿ, ನಾವೂ ಹಾಗೇ ಅಂದ್ಕೊಂಡಿದೀವಿ, ಧೈರ್ಯವಾಗಿರಪ್ಪಾ ಅಂತ ಬರಿ."

ಇನ್ನೊಬ್ಬ ಬರೆದಿದ್ದ: 'ಪ್ರಯತ್ನಿಸಿದೆವು, ಮತ್ತೆ ಹುಟ್ಟಿಸಲು ಆಗಲಿಲ್ಲ.'

"ಅಯ್ಯೋ, ಮಕ್ಕಳಿಲ್ಲದವನು!" ಅಂದಳು ಮಿರ್ಸಿನಿ. ದೋಷ ಕೈಗೆ ಸಿಗದಿದ್ದರೆ ಹಾಗೆ ಬರೆಯುವುದು ಅವರ ಪದ್ಧತಿ ಅಂತ ಅರೆತಿ ಎಷ್ಟು ಹೇಳಿದರೂ ಕೇಳದೆ, ಹೋಗಿ ಚರ್ಚಿನಲ್ಲಿ ಅವನ ಹೆಸರಿಗೆ ಮೇಣದಬತ್ತಿ ಹಚ್ಚಿ ಬಂದಳು.

ಹೀಗೆ ಹನ್ನೊಂದು ಜನರ ವಿಷಯ ಇತ್ಯರ್ಥವಾಯಿತು. ಆದರೆ ಅಷ್ಟು ದೂರದವರ ಸಹಿ ಸುಗ್ಗಿ ಶುರುವಾಗುವುದರೊಳಗೆ ಬರುವ ಹಾಗಿರಲಿಲ್ಲ. ಹನ್ನೆರಡನೆಯವನು ಮಾತ್ರ ಸುಮ್ಮನಿದ್ದ. ಅವನ ಹೆಸರು ಬರೀ ಕೆ. ಹೆಚ್. ನಮ್ಮ ಭಾಷೆಯಲ್ಲೇ ಮೂರು ಸಲ ಬರೆದರೂ ಉತ್ತರವಿಲ್ಲ. ಅವನು ಕೊಟ್ಟ ಸಲಕರಣೆ ಚಿಕ್ಕದು, ಆದರೆ ಅದಿಲ್ಲದೆ ನಮ್ಮ ಕೆಲಸವೇ ಇಲ್ಲ: ಒಂದೇ ಹೆಸರಿನ ಜನರನ್ನು ಬೇರೆ ಬೇರೆ ಮಾಡಿ ಸರದಿಗೆ ನಿಲ್ಲಿಸುವುದು.

"ಕರೆದ್ರೆ ಓಗೊಡದವನು ಒಳ್ಳೆಯವನಲ್ಲ," ಅಂದ ಪ್ರೊಕೊಪಿಸ್.

ಪಾಂಡೆಲಿಸ್ ಯೋಚನೆಗೆ ಬಿದ್ದ. ಅವನು ಯೋಚಿಸುವಾಗ ಮೀಸೆಯ ಎಡತುದಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. "ಅರೆತಿ, ಆ ಸಲಕರಣೆ ಒಂದೇ ಹೆಸರಿನವರನ್ನ ಹೆಂಗೆ ಗುರುತಿಸುತ್ತೆ?"

"ಮೊದಲು ಅಪ್ಪನ ಹೆಸರು ಕೇಳುತ್ತೆ. ಅದೂ ಒಂದೇ ಆಗಿದ್ರೆ ಅಡ್ಡಹೆಸರು ಕೇಳುತ್ತೆ."

"ಅಡ್ಡಹೆಸರು ಬರೆಯೋಕೆ ಜಾಗ ಇದೆಯಾ?"

"ಇದೆ. ಅಡ್ಡಹೆಸರು ಎರಡಿದ್ರೆ, ಅವನ ಎದುರಿಗೆ ಹೇಳೋದು ಯಾವುದು, ಬೆನ್ನ ಹಿಂದೆ ಹೇಳೋದು ಯಾವುದು ಅಂತ ಬೇರೆ ಬೇರೆ ಜಾಗ ಇದೆ."

ಪಾಂಡೆಲಿಸ್ ಮೇಜು ಕುಟ್ಟಿದ. "ಇದನ್ನ ಫಿನ್ಲೆಂಡಿನವನು ಮಾಡೋಕೆ ಸಾಧ್ಯ ಇಲ್ಲ! ಜರ್ಮನಿಯವನು ಮಾಡೋಕೆ ಸಾಧ್ಯ ಇಲ್ಲ! ಇವನು ನಮ್ಮ ಪೈಕಿ. ಇಲ್ಲೇ ಎಲ್ಲೋ ಕೂತು ನಮ್ಮನ್ನ ನೋಡ್ತಾ ಇದಾನೆ."

ಎಲ್ಲರೂ ಎಲ್ಲರ ಮುಖ ನೋಡಿಕೊಂಡರು. ಕಿವುಡ ಪಾಂಡೆಲಿಸ್ ಎಲ್ಲರಿಗಿಂತ ಮೊದಲು ಬೆಚ್ಚಿಬಿದ್ದ. ಅಂದರೆ ಅವನಿಗೆ ಕೇಳಿಸುತ್ತದೆ ಅಂತ ಅವತ್ತು ಸಾಬೀತಾಯಿತು.

ಬೀಗವಿಲ್ಲದ ಮನೆ ತಾನೆ, ಒಳಗೆ ಹೊಕ್ಕು ನೋಡು ಅಂತ ಪಾಂಡೆಲಿಸ್ ಅಪ್ಪಣೆ ಕೊಟ್ಟ. ಅರೆತಿ ಒಳಗೆಲ್ಲ ಹುಡುಕಿ ಒಂದು ಪಟ್ಟಿ ತಂದಳು. ಸಲಕರಣೆ ಸರಿಯಾಗಿ ಕೆಲಸ ಮಾಡುತ್ತದೆಯೋ ಇಲ್ಲವೋ ಅಂತ ನೋಡಲು ಅದನ್ನು ಮಾಡಿದವರು ಕೆಲವು ಹೆಸರುಗಳನ್ನು ಉದಾಹರಣೆಗೆ ಬರೆದಿಟ್ಟಿದ್ದರು. ಅವಳು ಓದಿದಳು: "ಹರಿಲಾವೊಸ್, ಕುಂಟ. ಹರಿಲಾವೊಸ್, ಕೊಡಲಿ. ಹರಿಲಾವೊಸ್, ಮೊಟ್ಟೆಬುರುಡೆ..."

ಪ್ರೊಕೊಪಿಸ್ ಬೆಳ್ಳಗಾದ. "ಇವರೆಲ್ಲ ಕೆಳಗಿನವರು."

ಕೆಳಗಿನವರು ಅಂದರೆ ಕೆಳಗಿನ ಮಿರ್ತ್ಯಾದವರು, ನಮ್ಮಿಂದ ಮೂರು ತಿರುವು ಕೆಳಗೆ. ಮೂವತ್ತೆಂಟು ವರ್ಷದ ಹಿಂದೆ ಫುಟ್ಬಾಲ್ ಪಂದ್ಯದ ಮಾರನೇ ದಿನ ನಮ್ಮ ಗೋಲಿನ ಕಂಬಗಳು ಮಾಯವಾಗಿ, ಅವರ ದ್ರಾಕ್ಷಿ ಚಪ್ಪರದಲ್ಲಿ ಕಾಣಿಸಿಕೊಂಡವು. ಅವತ್ತಿನಿಂದ ಅವರು ನಮ್ಮೂರ ಕಾಫಿ ಕುಡಿದಿಲ್ಲ, ನಾವು ಅವರೂರ ನೀರು ಮುಟ್ಟಿಲ್ಲ.

"ಇನ್ನೂ ಒಂದು ಹೆಸರಿದೆ," ಅಂದಳು ಅರೆತಿ, ಹೇಳಲೋ ಬೇಡವೋ ಅನ್ನುವ ಹಾಗೆ. "ಸರದಿ ತಪ್ಪಿಸಿ ನುಗ್ಗೋನ ಉದಾಹರಣೆಗೆ."

"ಏನಂತ?"

"ಮೇಲಿನ ಮಿರ್ತ್ಯಾದವನು, ಅಂತ."

ಆಮೇಲೆ ಆದ ಗಲಾಟೆಯಲ್ಲಿ ನನ್ನ ಎರಡು ಲೋಟ ಒಡೆದವು. ಅಷ್ಟು ದಿನ ಬಿಟ್ಟಿಯೇ ಇರಲಿ ಅನ್ನುತ್ತಿದ್ದವರೆಲ್ಲ ಪಟ್ಟಣದವನ ಬಾಡಿಗೆ ಸಾಮಾನೇ ವಾಸಿ ಅಂದರು. ಇದು ಮೂವತ್ತೆಂಟು ವರ್ಷದ ಸಂಚು ಅಂದ ಪ್ರೊಕೊಪಿಸ್. ಅರೆತಿ ಕಂಪ್ಯೂಟರ್ ಮುಚ್ಚಿ, "ನಾಡಿದ್ದು ಭಾನುವಾರ ಸಭೆ ಇದೆ. ನಿಮಗೆ ಬೇಡ ಅಂದ್ರೆ ಬೇಡ. ಆದ್ರೆ ಬಾಡಿಗೆದು ಬಂದ್ರೆ ನಾನು ಕೈ ಹಾಕಲ್ಲ, ಈಗ್ಲೇ ಹೇಳಿದೀನಿ," ಅಂತ ಹೊರಟಳು. ಬಾಗಿಲಲ್ಲಿ ನಿಂತು ಪಾಂಡೆಲಿಸ್‌ಗೆ ಮಾತ್ರ ಹೇಳಿದಳು: "ಎಲ್ರನ್ನೂ ಬಿಡು ಚಿಕ್ಕಪ್ಪಾ. ನೀನಾದ್ರೂ ನಂಬ್ತೀಯ ಅಂದ್ಕೊಂಡಿದ್ದೆ."

ಅದು ಅವನಿಗೆ ನಾಟಿತು. ಆ ದಿನ ನಾಲ್ಕನೇ ಕಾಫಿ ಕೇಳಲಿಲ್ಲ.

ಅಕ್ಟೋಬರ್ ಕೊನೆಗೆ ಬರುವ ಸಂತ ದಿಮಿತ್ರಿಯ ಹಬ್ಬಕ್ಕೆ ಮುಂಚಿನ ಆ ಭಾನುವಾರ ಪೂಜೆ ಮುಗಿಸಿಕೊಂಡು ಜನ ನೇರವಾಗಿ ನನ್ನ ಅಂಗಡಿಗೆ ಬಂದರು. ಲಾಸ್ಕಾರಿಸ್ ಸಾಹೇಬರು ಮುದ್ರೆಯನ್ನು ಜೇಬಲ್ಲಿಟ್ಟುಕೊಂಡು ಬಂದಿದ್ದರು. ಸಭೆ ಶುರುವಾಗಿ ಐದು ನಿಮಿಷ ಆಗಿಲ್ಲ, ಬಾಗಿಲು ತಳ್ಳಿಕೊಂಡು ನಲವತ್ತೈದರ ಹೆಂಗಸೊಬ್ಬಳು ಒಳಗೆ ಬಂದಳು. ಕೈಯಲ್ಲಿ ಕಾರಿನ ಕೀಲಿ, ಮುಖದಲ್ಲಿ ಜಗಳ.

"ನಾನು ಕಿರಿಯಾಕಿ. ಕೆಳಗಿನ ಮಿರ್ತ್ಯಾ. ಕೊಡಲಿ ಹರಿಲಾವೊಸ್ ಮಗಳು. ನಿಮ್ಮ ಪಾಂಡೆಲಿಸರಲ್ಲಿ, ನಮ್ಮಪ್ಪ ಯಾರು ಅಂತ ಮೂರು ಸಲ ಕೇಳಿದೋರು ಯಾರು?"

ಪಾಂಡೆಲಿಸ್ ಎದ್ದು ನಿಂತ. ಉಳಿದವರೆಲ್ಲ ಅವನಿಂದ ಸ್ವಲ್ಪ ಸ್ವಲ್ಪ ದೂರ ಸರಿದರು.

"ನಾನೇ ಕೇಳಿದ್ದು. ಉತ್ತರ ಯಾಕೆ ಕೊಡಲಿಲ್ಲ?"

"ಆ ಪ್ರಶ್ನೆ ಕೇಳೋ ಊರು ಲೋಕದಲ್ಲಿ ಎರಡೇ. ನಮ್ಮೂರವರು ಕೇಳಿಲ್ಲ. ಹಾಗಾದ್ರೆ ನೀವೇ. ನಿಮಗೆ ಯಾಕೆ ಉತ್ತರ ಕೊಡಲಿ? ಏನು ಹೊಂಚು ಹಾಕ್ತಿದೀರೋ ಯಾರಿಗೆ ಗೊತ್ತು? ಕೆ. ಹೆಚ್. ನಾನೇ ಅಂತ ಕಂಡುಹಿಡಿದು ಅರೆತಿ ಫೋನ್ ಮಾಡಿ ಹೇಳಿದ ಮೇಲೇನೇ ವಿಷಯ ತಿಳಿದಿದ್ದು."

"ಹೊಂಚು ಹಾಕಿದ್ದು ನೀವು!" ಅಂದ ಪ್ರೊಕೊಪಿಸ್. "ಬಿಟ್ಟಿ ಕೊಟ್ಟು ನಮ್ಮನ್ನ ಬುಟ್ಟಿಗೆ ಹಾಕ್ಕೊಳ್ಳೋಕೆ!"

"ನಿಮಗೆ ಯಾರ್ರೀ ಕೊಟ್ರು?" ಕಿರಿಯಾಕಿಯ ದನಿ ಏರಿತು. "ನಮ್ಮೂರಲ್ಲಿ ಏಳು ಜನ ಹರಿಲಾವೊಸ್ ಇದಾರೆ. ನಮ್ಮಪ್ಪನ ಎಣ್ಣೆ ಪ್ರತಿ ವರ್ಷ ಬೇರೆ ಯಾರ ಮನೇಗೋ ಹೋಗ್ತಿತ್ತು. ಅವನು ಅದೇ ಕೊರಗಲ್ಲಿ ಊಟ ಬಿಟ್ಟಿದ್ದ. ಅದಕ್ಕೆ ಮಾಡಿದೆ. ಇಂಥ ಊರು ಪ್ರಪಂಚದಲ್ಲಿ ಇನ್ನೂ ಎಲ್ಲಾದ್ರೂ ಇರಬಹುದು, ಅವರಿಗೂ ಉಪಯೋಗ ಆಗ್ಲಿ ಅಂತ ಎಲ್ರಿಗೂ ಸಿಗೋ ಹಾಗೆ ಇಟ್ಟೆ. ಲೋಕಕ್ಕೆಲ್ಲ ಕೊಟ್ಟೆ, ನಿಜ. ಪಕ್ಕದೂರಿಗೂ ಸಿಗುತ್ತೆ ಅಂತ ಹೊಳೀಲಿಲ್ಲ."

"ಮತ್ತೆ ಆ ಸರದಿ ತಪ್ಪಿಸೋನು?" ಅಂತ ಪ್ರೊಕೊಪಿಸ್ ಕೇಳಿದ.

"ಅದು ನೆನಪಿದೆ. ಅದನ್ನ ತೆಗೆಯಲ್ಲ."

"ತೆಗೀಬೇಡಿ! ಮೇಲಿನ ಮಿರ್ತ್ಯಾದವರಿಗೆ ಇಲ್ಲ ಅಂತ ಒಂದು ಸಾಲು ಸೇರಿಸಿ, ನಮಗೂ ಬೇಡ!"

"ಸೇರಿಸೋಣ ಅಂತಾನೇ ಬಂದೆ," ಅಂದಳು ಕಿರಿಯಾಕಿ.

ಅಲ್ಲಿಯ ತನಕ ಮೂಲೆಯಲ್ಲಿ ಕೂತಿದ್ದ ಅರೆತಿ ತಲೆ ಎತ್ತಿದಳು. "ಸೇರಿಸೋಕಾಗಲ್ಲ."

"ಯಾಕಾಗಲ್ಲ? ನಾನೇ ಮಾಡಿದ್ದು."

"ಮಾಡಿದ್ದು ನೀವೇ, ಮುಕ್ತ ಅಂತ ಬರೆದಿದ್ದೂ ನೀವೇ. ಒಬ್ಬರನ್ನ ಹೊರಗಿಟ್ರೂ ಅದು ಮುಕ್ತ ಅಲ್ಲ ಅಕ್ಕಾ. ಶತ್ರುವನ್ನೂ ಬಿಡೋ ಹಾಗಿಲ್ಲ. ಮುಂದೆ ಮಾಡೋದಕ್ಕೆ ಏನು ಬೇಕಾದ್ರೂ ಬರ್ಕೊಳ್ಳಿ. ಈಗಾಗಲೇ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕಾಗಲ್ಲ."

ಅದು ನಿಜ ಅಂತ ಕಿರಿಯಾಕಿಗೆ ಗೊತ್ತಿತ್ತು. ಆಮೇಲೆ ಪ್ರೊಕೊಪಿಸ್ ನಿಧಾನಕ್ಕೆ, ಒಂದೊಂದೇ ಮಾತು ಎಣಿಸಿ ಇಟ್ಟ ಹಾಗೆ ಕೇಳಿದ:

"ಅಂದ್ರೆ ಅವಳು ಬೇಡ ಅಂದ್ರೂ ನಾವು ಬಳಸಬಹುದಾ?"

"ಬಳಸಬಹುದು."

"ಅವಳ ಕಣ್ಣೆದುರಿಗೇನೇ?"

"ಕಣ್ಣೆದುರಿಗೇನೇ."

"ಅವಳು ಏನೂ ಮಾಡೋ ಹಾಗಿಲ್ವಾ?"

"ಏನೂ ಮಾಡೋ ಹಾಗಿಲ್ಲ."

ಮುಕ್ತ ಅನ್ನುವ ಮಾತಿನ ಅರ್ಥ ನಮ್ಮೂರಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಪ್ರೊಕೊಪಿಸ್ ಎರಡೂ ಕೈ ಎತ್ತಿದ. ಅವನ ಹಿಂದೆ ಊರೆಲ್ಲ ಕೈ ಎತ್ತಿತು. ಗಾಣದಲ್ಲಿ ಮುಕ್ತ ಸಲಕರಣೆ ಮಾತ್ರ ಇರಬೇಕು, ಬಾಡಿಗೆಯ ಒಂದು ಮೊಳೆಯೂ ಬರಕೂಡದು ಅಂತ ಠರಾವು ಪಾಸಾಯಿತು. ಕಿವುಡ ಪಾಂಡೆಲಿಸ್ ಮೂರು ಸಲ ಕೈ ಎತ್ತಿದ.

ಕೈ ಎತ್ತದವನು ಒಬ್ಬನೇ, ಸಹಿ ಹಾಕಬೇಕಾದವನು. ಪಾಂಡೆಲಿಸ್ ಪೆನ್ನು ಹಿಡಿದುಕೊಂಡು ಕಿರಿಯಾಕಿಯನ್ನೇ ನೋಡುತ್ತಿದ್ದ.

"ಅಮ್ಮಾ, ಇವರ ಗದ್ದಲ ಬಿಡು. ನನಗೆ ಒಂದೇ ವಿಷಯ ಹೇಳು. ಖಾತ್ರಿ ಇಲ್ಲ ಅಂತ ಬರೆದಿದೀಯ. ನಾಳೆ ಕೆಟ್ಟುಹೋದ್ರೆ ನಾನೇನು ಮಾಡಲಿ? ಒಂದು ಸಲ ಹೀಗೇ ಆದಾಗ ಆ ಫೋನಿಗೆ ನಲವತ್ತು ಸಲ ಹಚ್ಚಿದೆ. ಆ ಕಡೆಯಿಂದ ಬರೀ ಸಂಗೀತ ಬಂತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ."

ಏಳು ವರ್ಷದಲ್ಲಿ ಆ ವಿಷಯವನ್ನು ಅವನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ.

ಕಿರಿಯಾಕಿಯ ದನಿಯೂ ಇಳಿಯಿತು. "ಕೆಟ್ರೆ ನಮ್ಮನೆ ಹತ್ರ ಬನ್ನಿ. ಚರ್ಚಿನ ಹಿಂದೆ ಎರಡನೇ ಬಾಗಿಲು, ನೀಲಿದು. ನಿಂತ್ಕೊಂಡು ಕೂಗಿ. ಬರ್ತೀನಿ."

"ಎಷ್ಟು ಹೊತ್ತು ಬೇಕಾದ್ರೂ ಕೂಗಬಹುದಾ?"

"ಕೂಗಿ. ಮಧ್ಯಾಹ್ನ ಮೂರರಿಂದ ಐದೂವರೆ ಬೇಡ, ಅಪ್ಪ ಮಲಗಿರ್ತಾನೆ."

"ಇದನ್ನ ಬರೆದುಕೊಡು."

ಅವಳು ಬರೆದುಕೊಟ್ಟಳು. 'ಕೊಟ್ಟವರ ಹೆಸರು, ಸಹಿ' ಅನ್ನುವ ಆ ಚಿಕ್ಕ ಮನೆಯಲ್ಲಿ ಈಗಲೂ ಹೀಗಿದೆ: ಕಿರಿಯಾಕಿ, ಕೊಡಲಿ ಹರಿಲಾವೊಸ್ ಮಗಳು, ನೀಲಿ ಬಾಗಿಲು, ಕೂಗುವುದು, ಮೂರರಿಂದ ಐದೂವರೆ ಬಿಟ್ಟು. ಸಾಹೇಬರು ಎರಡು ಸಲ ಓದಿದರು. ತಮ್ಮ ಸೇವಾವಧಿಯಲ್ಲಿ ಇಷ್ಟು ಸ್ಪಷ್ಟವಾಗಿ ತುಂಬಿದ ಕಾಗದ ನೋಡಿಲ್ಲ ಅಂದರು, ಮುದ್ರೆ ಒತ್ತಿದರು. ಪಾಂಡೆಲಿಸ್ ಸಹಿ ಹಾಕಿದ. ಅರೆತಿ ಬಂದು ಅವನ ಕೆನ್ನೆಗೆ ಮುತ್ತು ಕೊಟ್ಟಳು.

ಗಾಣ ಶುರುವಾಯಿತು. ಐದು ಪಾಂಡೆಲಿಸರ ಎಣ್ಣೆ ಐದು ಡಬ್ಬಿಗೆ ಬಂತು. ಕಿವುಡ ಬಂದು ಹಾಸಿಗೆಯ ಕೈ ಕುಲುಕಿದ. ಎಲ್ಲ ಸುಖಾಂತವಾಯಿತು ಅಂದುಕೊಂಡಿರುವಾಗ, ಮೂರನೇ ದಿನ ಬೆಳಿಗ್ಗೆ ಪಾಂಡೆಲಿಸ್ ಟೋಪಿ ಹಾಕಿಕೊಂಡು, "ಅದು ಕೆಟ್ಟಿದೆ, ಕೂಗಿ ಬರ್ತೀನಿ," ಅಂತ ಇಳಿದು ಹೋದ. ತಿರುವಿನ ತನಕ ಹೋಗಿ ಕಿವಿಗೊಟ್ಟ ಪ್ರೊಕೊಪಿಸ್ ಬಂದು ವರದಿ ಮಾಡಿದ: ಹತ್ತು ನಿಮಿಷ ಚೆನ್ನಾಗಿಯೇ ಕೂಗಿದನಂತೆ, ಆ ಕಡೆಯಿಂದ ಮುದುಕ ಹರಿಲಾವೊಸ್ ಇನ್ನೂ ಚೆನ್ನಾಗಿ ಕೂಗಿದನಂತೆ, ಆಮೇಲೆ ಸದ್ದಿಲ್ಲವಂತೆ. ಪಾಂಡೆಲಿಸ್ ವಾಪಸ್ ಬಂದದ್ದು ಎರಡೂ ಮುಕ್ಕಾಲಿಗೆ, ಬಾಯಲ್ಲಿ ಊಜೊ ಸಾರಾಯಿಯ ವಾಸನೆ.

ಆಮೇಲೆ ಅದು ಮಂಗಳವಾರ ಕೆಟ್ಟಿತು, ಶುಕ್ರವಾರ ಕೆಟ್ಟಿತು. ಈಗ ದಿನವೂ ಬೆಳಿಗ್ಗೆ ಕೆಡುತ್ತದೆ. ಅರೆತಿಯನ್ನು ಕೇಳಿದೆ. ಶುರುವಾದ ದಿನದಿಂದ ಒಂದು ಸಲವೂ ಕೆಟ್ಟಿಲ್ಲ ಮಾವಾ ಅಂದಳು. ಮಿರ್ಸಿನಿಯನ್ನು ಕೇಳಿದೆ. ಮನೆಗೆ ಏನೂ ತರದೆ ಬರ್ತಾನಲ್ಲ, ನನಗೆ ಅಷ್ಟು ಸಾಕು ಅಂದಳು. ಕೆಳಗಿನವರ ಕಾಫಿ ನೀರು ನೀರಾಗಿರುತ್ತದೆ ಅಂತ ಲೋಕಕ್ಕೇ ಗೊತ್ತು, ನನಗೆ ಮಾತ್ರ ಅನುಮಾನ ಹುಟ್ಟಿತು. ಬಿಟ್ಟಿ ಸಾಮಾನಿನ ಹಿಂದೆ ಏನೋ ಇದೆ ಅಂತ ಊರೆಲ್ಲ ತಿಂಗಳುಗಟ್ಟಲೆ ಹುಡುಕಿತಲ್ಲ, ಇದ್ದದ್ದು ಇದು: ನನ್ನ ಇಪ್ಪತ್ತಾರು ವರ್ಷದ ಗಿರಾಕಿ.

ಹೋದ ಗುರುವಾರ ತಡೆಯಲಾರದೆ ನಾನೇ ಇಳಿದು ಹೋದೆ. ಚರ್ಚಿನ ಹಿಂದೆ, ಎರಡನೇ ಬಾಗಿಲು, ನೀಲಿದು. ಒಳಗೆ ದಾಳ ಉರುಳುವ ಸದ್ದು, ನಮ್ಮ ಭಾವನ ನಗು. ಹೊರಗೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ: "ನಮ್ಮ ಪಾಂಡೆಲಿಸ್‌ನ ವಾಪಸ್ ಕಳಿಸ್ರೀ!"

ಬಾಗಿಲು ತೆರೆಯಲಿಲ್ಲ. ಮುದುಕ ಹರಿಲಾವೊಸ್ ಕೂತಲ್ಲಿಂದಲೇ ಉತ್ತರ ಕೊಟ್ಟ.

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಹಾಗಿಲ್ಲ ಕಣಯ್ಯಾ. ನಿಮ್ಮ ಹುಡುಗೀನೇ ಹೇಳಿದ್ದು."